ಸುಟ್ಟ ಫ್ಯೂಸಿನ ಸಾಕ್ಷಿ

"ಸುಟ್ಟಿದೆ ಕಣೇ. ನೀನೇ ನೋಡ್ಕೋ."

ಡೆಲ್ಮರ್ ಪಿಕಪ್ಪಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದ್ದ. ಅವನ ಹೊಟ್ಟೆಯ ಮುಕ್ಕಾಲು ಪಾಲು ಬಾಗಿಲಿನ ಆಚೆಗಿತ್ತು. ಅಲ್ಲಿಂದಲೇ ಕೈ ಚಾಚಿ ನನ್ನ ಅಂಗೈಯಲ್ಲಿ ಒಂದು ನೀಲಿ ಫ್ಯೂಸು ಇಟ್ಟ. ಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್ಕು. ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ತಂತಿ ನಡುವೆ ತುಂಡಾಗಿ ಸುತ್ತ ಮಸಿ ಕಟ್ಟಿತ್ತು.

ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಅಚ್ಚಾಗಿದ್ದ ನಕ್ಷೆಯನ್ನು ಇನ್ನೊಮ್ಮೆ ಓದಿದೆ. ಅನುಮಾನವೇ ಇಲ್ಲ, ಅದು ರನ್ನಿಂಗ್ ಲೈಟಿನ ಫ್ಯೂಸು. ಪಿಕಪ್ಪಿಗೂ ಹಿಂದಿನ ಟ್ರೇಲರಿಗೂ ಅದೊಂದೇ.

ರನ್ನಿಂಗ್ ಲೈಟು ಎಂದರೆ ಬ್ರೇಕ್ ಒತ್ತಿದಾಗ ಉರಿಯುವುದಲ್ಲ, ತಿರುಗುವಾಗ ಮಿಣುಕುವುದೂ ಅಲ್ಲ. ಹೊತ್ತು ಮುಳುಗಿದ ಮೇಲೆ ಸುಮ್ಮನೆ ಉರಿಯುತ್ತಾ, ಇಲ್ಲೊಂದು ಗಾಡಿ ಇದೆ ಮಾರಾಯ, ನೋಡಿಕೊಂಡು ಬಾ ಎಂದು ಹಿಂದಿನವನಿಗೆ ಹೇಳುವ ಕೆಂಪು ದೀಪ. ಹೋದ ವಾರ ಮುಸ್ಸಂಜೆಯಲ್ಲಿ ಅದು ಹೇಳದೆ ಇದ್ದದ್ದರಿಂದಲೇ ನಮ್ಮ ದನದ ಡಾಕ್ಟರ್ ರೂಬೆನ್ ಥೀಸನ್ ಮರಳುದಿಬ್ಬದ ಏರು ಹತ್ತಿ ಇಳಿಯುತ್ತಲೇ ಈ ಟ್ರೇಲರಿನ ಬೆನ್ನಿಗೆ ಗುದ್ದಿ ಸತ್ತದ್ದು.

ಗಾಡಿ ಓಡಿಸುತ್ತಿದ್ದವಳು ತಾನೇ ಎಂದು ಲವಾನ್ ಪ್ರಿಬಿಲ್ ಅಂದೇ ಹೇಳಿದ್ದಳು. ಇಂಜಿನ್ ಕೆಮ್ಮಿ ನಿಂತುಹೋಯಿತಂತೆ, ಅಷ್ಟರಲ್ಲಿ ಹಿಂದಿನಿಂದ ಗುದ್ದಿತಂತೆ. ಎದುರಿನಿಂದ ಬಂದ ಜೋಳದ ಲಾರಿಯವನು, ಪಿಕಪ್ಪಿನ ಹೆಡ್‌ಲೈಟು ಚೆನ್ನಾಗಿ ಉರಿಯುತ್ತಿತ್ತು, ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಟ್ರೇಲರು ಪೂರಾ ಕತ್ತಲು ಎಂದು ಸಾಕ್ಷಿ ಹೇಳಿದ್ದ.

ಬೆಳಿಗ್ಗೆ ನಮ್ಮ ಪೊಲೀಸ್ ಮುಖ್ಯಸ್ಥ ಶೆರಿಫ್ ನನ್ನನ್ನು ಕರೆದು ಒಂದೇ ಮಾತು ಹೇಳಿದ್ದರು. ದಾರಿಯಲ್ಲಿ ಫ್ಯೂಸು ಸುಟ್ಟು ದೀಪ ಆರಿದ್ದರೆ ಅದು ಅಪಘಾತ, ಯಾರ ತಪ್ಪೂ ಅಲ್ಲ. ದೀಪ ಕೆಟ್ಟದ್ದು ಗೊತ್ತಿದ್ದೂ ರಸ್ತೆಗೆ ಇಳಿದಿದ್ದರೆ ಲವಾನ್ ಜೈಲಿಗೆ. ಯಾವುದು ಎಂದು ಇವತ್ತು ಸಂಜೆಯೊಳಗೆ ಸರ್ಕಾರಿ ವಕೀಲರಿಗೆ ಹೇಳಬೇಕು.

ಆ ಸುಟ್ಟ ಫ್ಯೂಸು ನೋಡಿ ನನಗೆಷ್ಟು ಖುಷಿಯಾಯಿತೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವರ ಕೈಕೆಳಗಿನ ಡೆಪ್ಯುಟಿಯ ಬಿಲ್ಲೆ ಎದೆಯ ಮೇಲಿದ್ದರೇನು, ಎದೆ ನನ್ನದೇ ತಾನೆ. ಲವಾನ್ ಮತ್ತು ನಾನು ಒಂದೇ ಶಾಲೆ, ಒಂದೇ ಚರ್ಚು, ಒಂದೇ ಬೆಂಚು. ಅವಳ ಗಂಡ ಲೂಮಿರ್ ಹೋದ ಚಳಿಗಾಲದಲ್ಲಿ ತೀರಿಕೊಂಡ ಮೇಲೆ ಅಷ್ಟೂ ದನ, ಅಷ್ಟೂ ಹುಲ್ಲುಗಾವಲು ಅವಳೊಬ್ಬಳ ತಲೆಯ ಮೇಲೆ ಬಿದ್ದಿತ್ತು. ಅವಳು ಜೈಲಿಗೆ ಹೋದರೆ ಆ ಮನೆಯ ಬಾಗಿಲು ಮುಚ್ಚಿದ ಹಾಗೆಯೇ.

ತಡೆಯಲಾರದೆ ಅಲ್ಲಿಂದಲೇ ಅವಳಿಗೆ ಫೋನು ಮಾಡಿದೆ. ಫ್ಯೂಸು ಸುಟ್ಟಿದೆ, ನೀನಿನ್ನು ಹೆದರಬೇಡ ಎಂದೆ.

"ಯಾವ ಫ್ಯೂಸು?" ಎಂದಳು.

ರನ್ನಿಂಗ್ ಲೈಟಿನದು, ಇನ್ಯಾವುದು, ಎಂದೆ. ಸರಿ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಸಂತೋಷ ತಡೆಯಲಾರದೆ ಇಟ್ಟಿರಬೇಕು ಎಂದುಕೊಂಡೆ.

ಡೆಲ್ಮರ್ ಕೈ ಒರೆಸಿಕೊಂಡು ಕಾಫಿ ಕುಡಿಯಲು ಹೊರಟಿದ್ದ. ಜಪ್ತಿ ಮಾಡಿದ ಗಾಡಿಗಳನ್ನು ಇಡುವ ಈ ತಗಡಿನ ಶೆಡ್ಡಿನ ಪಕ್ಕದಲ್ಲೇ ಅವನ ರಿಪೇರಿ ಅಂಗಡಿ. ಕೌಂಟಿಯ ಅಷ್ಟೂ ಗಾಡಿಗಳು ತನ್ನ ಕೈಯಲ್ಲೇ ಬದುಕಿವೆ ಎಂದು ಜಂಬ ಅವನಿಗೆ. ನನ್ನ ಗಾಡಿ ಮಾತ್ರ ಅವನ ಕೈಗೆ ಹೋಗಿ ಬಂದ ಮೇಲೆ ಎಡಕ್ಕೆ ಎಳೆಯುತ್ತದೆ, ಆ ಮಾತು ಬೇರೆ.

ಹೊಸ ಫ್ಯೂಸು ಹಾಕಿ ದೀಪ ಬರುತ್ತದೋ ನೋಡೋಣ ಎಂದೆ.

"ಸುಟ್ಟಿದ್ದು ಕಣ್ಣಿಗೇ ಕಾಣ್ತಿದೆಯಲ್ಲ ಮಾರಾಯ್ತಿ. ಇನ್ನೇನು ನೋಡೋದು?"

ಔಷಧಿ ಕೊಟ್ಟ ಮೇಲೆ ಜ್ವರ ಇಳಿಯಿತೋ ಇಲ್ಲವೋ ನೋಡುವುದು ಬೇಡವೇ? ಗೊಣಗುತ್ತಾ ಹೊಸದನ್ನು ಹಾಕಿದ. ಡ್ಯಾಶ್‌ಬೋರ್ಡಿನ ದೀಪದ ಗುಂಡಿ ಎಳೆದ. ಶೆಡ್ಡಿನ ಗೋಡೆಯ ಮೇಲೆ ಹೆಡ್‌ಲೈಟು ಫಳ್ಳೆಂದು ಬಿತ್ತು. ನಾನು ಹಿಂದೆ ಹೋಗಿ ಟ್ರೇಲರು ನೋಡಿದೆ.

ಕತ್ತಲು.

ಬ್ರೇಕ್ ಒತ್ತು ಎಂದೆ. ಎಡಗಡೆಯ ದೀಪ ಕೆಂಪಗೆ ಹೊಳೆಯಿತು. ಬಲಗಡೆಯದು ರೂಬೆನ್ನನ ಕಾರಿಗೆ ಸಿಕ್ಕಿ ಅಪ್ಪಚ್ಚಿಯಾಗಿತ್ತು, ಅದನ್ನು ಕೇಳುವಂತಿಲ್ಲ. ಎಡಕ್ಕೆ ತಿರುಗುವ ಸೂಚನೆಯೂ ಸರಿಯಾಗಿ ಮಿಣುಕಿತು. ರನ್ನಿಂಗ್ ಲೈಟು ಮಾತ್ರ ಇಲ್ಲವೇ ಇಲ್ಲ.

ಹೊಸ ಫ್ಯೂಸೂ ಸುಟ್ಟಿತೇನೋ ಎಂದು ಕಿತ್ತು ನೋಡಿದೆವು. ಹೊಚ್ಚ ಹೊಸದಾಗಿಯೇ ಇತ್ತು.

ಇಲ್ಲಿಂದ ನನ್ನ ತಲೆ ಕೆಡಲು ಶುರುವಾಯಿತು. ಬಲ್ಬು ಹೋಗಿದೆ ಎಂದ ಡೆಲ್ಮರ್. ಎಡಗಡೆಯ ಬಲ್ಬು ಬಿಚ್ಚಿ ನೇರವಾಗಿ ಬ್ಯಾಟರಿಗೆ ಹಿಡಿದೆವು, ಒಳಗಿನ ಎರಡು ತಂತಿಯೂ, ಬ್ರೇಕಿನದೂ ರನ್ನಿಂಗ್ ಲೈಟಿನದೂ, ಉರಿದವು. ಹಾಗಾದರೆ ಅರ್ತ್ ಸರಿಯಿಲ್ಲ ಎಂದ. ಟ್ರೇಲರಿನ ದೀಪ ಕೆಟ್ಟರೆ ನೂರಕ್ಕೆ ತೊಂಬತ್ತು ಅರ್ತಿನದೇ ಕಿತಾಪತಿ ಎಂದು ಭಾಷಣವನ್ನೂ ಮಾಡಿದ. ಅರ್ತ್ ಸರಿಯಿಲ್ಲದಿದ್ದರೆ ಬ್ರೇಕ್ ಲೈಟು ಹೇಗೆ ಉರಿಯಿತು ಎಂದು ಕೇಳಿದೆ. ಭಾಷಣ ನಿಂತಿತು, ಆದರೂ ಹಟಕ್ಕೆ ಟ್ರೇಲರಿನೊಳಗೆ ಹತ್ತಿ ಮೂತಿಯ ಕಡೆಗೆ ಹೋದ.

ಅಲ್ಲಿ ದನಗಳ ಕಾಲು ಜಾರದಿರಲಿ ಎಂದು ಹಾಸಿದ್ದ ದಪ್ಪ ರಬ್ಬರಿನ ಹಾಸು. ಅದನ್ನು ಎತ್ತಿ ಕೆಳಗಿನ ವೈರು ಹುಡುಕುತ್ತಿದ್ದವನು ಏನನ್ನೋ ಎಳೆದು ನನ್ನತ್ತ ಎಸೆದ. ಬಟ್ಟೆಯ ಚೂರುಗಳು. ಮೂರು ಮೂಲೆಯಾಗಿ ಒಂದೇ ಅಳತೆಗೆ ಕತ್ತರಿಸಿ, ಗುಂಡುಸೂಜಿ ಚುಚ್ಚಿ ಕಂತೆ ಮಾಡಿದ್ದವು. ನೀಲಿ ಹೂವಿನದು, ಹಳದಿಯದು.

ದನದ ಟ್ರೇಲರಿನಲ್ಲಿ ಸಗಣಿ ಸಿಕ್ಕಿದರೆ ಅರ್ಥವಾಗುತ್ತದೆ. ಕೌದಿ ಹೊಲಿಯುವ ಚೂರು ಇಲ್ಲೇಕೆ? ಟ್ರೇಲರು ಖಾಲಿ ಇತ್ತು ಎಂದು ಲವಾನ್ ಹೇಳಿದ್ದಳು. ಅಲ್ಲದೆ ಅವಳಿಗೆ ಹರಿದ ಅಂಗಿಗೆ ಗುಂಡಿ ಹಾಕಲೂ ಬರುವುದಿಲ್ಲ, ಅದನ್ನು ಮಾಡುತ್ತಿದ್ದವನು ಲೂಮಿರ್. ಕಂತೆಯನ್ನು ಜೇಬಿಗೆ ಹಾಕಿಕೊಂಡೆ. ಒಂದು ಗಂಟು ಬಿಡಿಸಲು ಕೂತರೆ ಇನ್ನೊಂದು ಗಂಟು ಬಿತ್ತು.

ಅರ್ತ್ ವೈರು ಕಲ್ಲಿನಂತೆ ಗಟ್ಟಿಯಾಗಿತ್ತು.

ಪಿಕಪ್ಪಿಗೂ ಟ್ರೇಲರಿಗೂ ನಡುವಿನ ಪ್ಲಗ್ಗು ಕಳಚಿದೆವು. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಡೆಲ್ಮರ್ ಚಾಕುವಿನಿಂದ ಕೆರೆದು, ಒಂದೊಂದಕ್ಕೂ ಟೆಸ್ಟರಿನ ಮೊನೆ ತಾಗಿಸಿದ. ಬ್ರೇಕಿನ ಪಿನ್ನಿಗೆ ಕರೆಂಟಿದೆ. ತಿರುಗುವ ದೀಪದ ಪಿನ್ನಿಗೆ ಇದೆ. ರನ್ನಿಂಗ್ ಲೈಟಿನ ಪಿನ್ನಿಗೆ ಇಲ್ಲ. ಆಗ ನನಗೆ ಹೊಳೆದು ಪಿಕಪ್ಪಿನದೇ ಹಿಂದಿನ ದೀಪಗಳನ್ನು ನೋಡಿದರೆ ಅವೂ ಕತ್ತಲು.

ಅಂದರೆ ಟ್ರೇಲರಿನಲ್ಲಿ ರೋಗವೇ ಇಲ್ಲ. ರೋಗ ಪಿಕಪ್ಪಿನೊಳಗೆ.

ಡೆಲ್ಮರ್ ಮತ್ತೆ ಕೆಳಗೆ ನುಸುಳಿದ. ಫ್ಯೂಸಿನ ಒಂದು ಕಾಲಿಗೆ ಟೆಸ್ಟರ್ ಹಿಡಿದ. ಇನ್ನೊಂದಕ್ಕೆ ಹಿಡಿದ. ಎರಡೂ ಕಡೆ ಸತ್ತಿತ್ತು. ಟೆಸ್ಟರೇ ಕೆಟ್ಟಿತೇನೋ ಎಂದು ಪಕ್ಕದ ಫ್ಯೂಸಿಗೆ ತಾಗಿಸಿ ನೋಡಿದ. ನಲವತ್ತು ವರ್ಷದ ಪರಿಚಯದಲ್ಲಿ ಅವನು ತನ್ನನ್ನು ತಾನೇ ಅನುಮಾನಿಸಿದ್ದು ಇದೇ ಮೊದಲು.

"ಈ ಫ್ಯೂಸಿಗೆ ಕರೆಂಟೇ ಬರ್ತಿಲ್ಲ ಕಣೇ," ಎಂದ ಕೊನೆಗೆ.

"ಬರದೆ ಇದ್ರೆ ಸುಟ್ಟಿದ್ದು ಹೇಗೋ?"

"ಅದೇ ನಂಗೂ ಗೊತ್ತಾಗ್ತಿಲ್ಲ."

ನೀರೇ ಹರಿಯದ ಕಾಲುವೆಯಲ್ಲಿ ಒಡ್ಡು ಕೊಚ್ಚಿಹೋಯಿತು ಎಂದರೆ ಯಾರಾದರೂ ನಂಬುತ್ತಾರೆಯೇ? ಗುದ್ದಿದ ಏಟಿಗೆ ಸ್ವಿಚ್ಚು ಮುರಿದಿರಬೇಕು, ಅದಕ್ಕೇ ಈಗ ಕರೆಂಟಿಲ್ಲ ಎಂದು ಡೆಲ್ಮರ್ ಹೊಸ ಪುರಾಣ ತೆಗೆದ. ಡ್ಯಾಶ್‌ಬೋರ್ಡಿನ ಗುಂಡಿಯನ್ನು ಬಿಚ್ಚಿ ಹೊರಗೆ ಎಳೆದೇಬಿಟ್ಟ. ಅದರ ಹಿಂಭಾಗದಲ್ಲಿ ಹೆಡ್‌ಲೈಟಿನ ಕಡೆ ಚೆನ್ನಾಗಿತ್ತು. ರನ್ನಿಂಗ್ ಲೈಟಿನ ಕಡೆ ಕರಗಿ ಮುದ್ದೆಯಾಗಿತ್ತು. ಆ ಮುದ್ದೆಯ ಮೇಲೆ ವರ್ಷಗಟ್ಟಲೆಯ ಧೂಳು, ಜೇಡರ ಬಲೆ.

ಈ ಹಳೇ ಪಿಕಪ್ಪುಗಳಲ್ಲಿ ಸ್ವಿಚ್ಚು ಹೀಗೆ ಅರ್ಧ ಕರಗುವುದು ಮಾಮೂಲು ಎಂದು ಡೆಲ್ಮರ್ ಹೇಳಿದ. ಆದರೆ ಇದು ಕರಗಿ ಎಷ್ಟೋ ಕಾಲವಾಗಿದೆ.

ರನ್ನಿಂಗ್ ಲೈಟು ವರ್ಷಗಳಿಂದ ಸತ್ತಿತ್ತು ಎಂದರೆ ಲವಾನ್ ಗೊತ್ತಿದ್ದೇ ಓಡಿಸಿದಳು ಎಂದಾಯಿತು. ಫ್ಯೂಸು ಅವಳನ್ನು ಉಳಿಸುವುದಿಲ್ಲ. ನಾನು ಹುಡುಕಲು ಹೋದದ್ದು ಅವಳ ಬಿಡುಗಡೆಯನ್ನು, ಕೈಗೆ ಸಿಕ್ಕಿದ್ದು ಅವಳ ಕೈಬೇಡಿ.

ಆದರೆ ಅದೂ ತಾಳೆಯಾಗುತ್ತಿರಲಿಲ್ಲ. ದನದ ಸಂತೆಯಿಂದ ವಾಪಸು ಬರುವಾಗ ಎಷ್ಟೋ ಸಂಜೆ ನಾನು ಇದೇ ಟ್ರೇಲರಿನ ಹಿಂದೆ ಮೈಲಿಗಟ್ಟಲೆ ಬಂದಿದ್ದೇನೆ. ಕೆಂಪು ದೀಪ ಎರಡೂ ಉರಿಯುತ್ತಿದ್ದವು. ಈ ಬೇಸಿಗೆಯಲ್ಲೇ ನೋಡಿದ್ದೇನೆ. ಸತ್ತ ಸ್ವಿಚ್ಚು, ಸತ್ತ ಫ್ಯೂಸು, ಉರಿಯುವ ದೀಪ! ನನಗೆ ತಲೆಬುಡ ಅರ್ಥವಾಗಲಿಲ್ಲ. ಡೆಲ್ಮರನಿಗೂ ಆಗಲಿಲ್ಲ, ಆದರೆ ಅವನು ಒಪ್ಪಿಕೊಳ್ಳುವವನಲ್ಲ. ಬಿಚ್ಚಿದ ಸ್ವಿಚ್ಚು, ಬಲ್ಬು, ಪ್ಲಗ್ಗು ಎಲ್ಲವನ್ನೂ ಮತ್ತೆ ಜೋಡಿಸಿ ಕಾಫಿಗೆ ಹೊರಟುಹೋದ.

ಲವಾನ್‌ಗೆ ಮತ್ತೆ ಫೋನು ಮಾಡಿ ಕೂಡಲೇ ಬಾ ಎಂದೆ.

ಅವಳು ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬರಿಗೈಯಲ್ಲಿ ಯಾರ ಬಾಗಿಲಿಗೂ ಹೋಗದವಳು, ಒಂದು ಡಬ್ಬಿಯಲ್ಲಿ ಗಸಗಸೆ ತುಂಬಿದ ಕೊಲಾಚೆ ಬನ್ನು ತಂದಿದ್ದಳು. ತನ್ನನ್ನು ಜೈಲಿಗೆ ಕಳಿಸಬೇಕಾದವಳಿಗೂ ಸಿಹಿ. ಆ ಡಬ್ಬಿಯನ್ನು ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಂದು ವಾರದಲ್ಲಿ ಅವಳ ಕೆನ್ನೆ ಒಳಗೆ ಹೋಗಿತ್ತು.

ಏನನ್ನೂ ಹೇಳದೆ ಸ್ಟೀರಿಂಗಿನ ಮುಂದೆ ಕೂರು ಎಂದೆ. ಅವತ್ತು ಮನೆಯಿಂದ ಹೊರಡುವಾಗ ಏನೇನು ಮಾಡಿದೆಯೋ ಹಾಗೇ ಮಾಡು.

ಅವಳು ಹತ್ತಿ ಕೂತಳು. ಬಾಗಿಲನ್ನು ಒಂದಿಷ್ಟು ಮೇಲೆತ್ತಿ ಎಳೆದುಕೊಂಡಳು, ಹಾಗೆ ಮಾಡದಿದ್ದರೆ ಅದು ಮುಚ್ಚುವುದಿಲ್ಲ. ಕೀಲಿ ಹಾಕುವ ಮೊದಲೇ ಅವಳ ಎಡಗೈ ತಾನಾಗಿ ಸ್ಟೀರಿಂಗಿನ ಕೆಳಗೆ ಹೋಯಿತು. ಟಕ್ ಎಂದು ಸದ್ದಾಯಿತು. ಆಮೇಲೆ ಗುಂಡಿ ಎಳೆದಳು.

ಶೆಡ್ಡಿನ ಹಿಂಗೋಡೆ ಕೆಂಪಾಯಿತು.

ನಾನು ಓಡಿ ಹೋಗಿ ನೋಡಿದೆ. ಟ್ರೇಲರಿನ ಎಡಗಡೆಯ ದೀಪ ಉರಿಯುತ್ತಿತ್ತು. ಪಿಕಪ್ಪಿನ ಎರಡೂ ಉರಿಯುತ್ತಿದ್ದವು. ವಾಪಸು ಬಂದು, ಅವಳ ಮೊಣಕಾಲಿನ ಪಕ್ಕ ಬಗ್ಗಿ, ಡೆಲ್ಮರ್ ಹಾಕಿದ್ದ ಹೊಸ ಫ್ಯೂಸನ್ನು ಕಿತ್ತುಹಾಕಿದೆ. ದೀಪ ಆರಲಿಲ್ಲ. ಸುಟ್ಟದ್ದನ್ನೇ ಮತ್ತೆ ತುರುಕಿದೆ. ಆಗಲೂ ಆರಲಿಲ್ಲ.

ಸ್ಟೀರಿಂಗಿನ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ, ಒಂದು ಪುಟ್ಟ ಸ್ವಿಚ್ಚಿತ್ತು. ಅದರಿಂದ ಹೊರಟ ವೈರನ್ನು ಬೆರಳಲ್ಲೇ ಹಿಂಬಾಲಿಸಿದೆ. ಒಂದು ತುದಿ ಹಿಂದಿನ ದೀಪಗಳಿಗೆ. ಇನ್ನೊಂದು ನೇರ ಬ್ಯಾಟರಿಗೆ, ನಡುವೆ ಕಪ್ಪು ಟೇಪು ಸುತ್ತಿದ ಇನ್ನೊಂದು ಫ್ಯೂಸು. ಅದು ಚೆನ್ನಾಗಿಯೇ ಇತ್ತು.

ಇದು ಲೂಮಿರನ ಕೆಲಸ. ಈ ಸೀಮೆಯಲ್ಲಿ ಸ್ವಿಚ್ಚು ಕೆಟ್ಟರೆ ಯಾರೂ ದೂರದ ಪೇಟೆಗೆ ಹೋಗಿ ಹೊಸದು ತರುವುದಿಲ್ಲ. ಇಕ್ಕಳ ಹಿಡಿದು ಇನ್ನೊಂದು ವೈರು ಎಳೆದು ಹೊಸ ದಾರಿ ಮಾಡಿಕೊಳ್ಳುತ್ತಾರೆ. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಇದೆ. ಗಾಡಿಯನ್ನು ಯಾರಿಗಾದರೂ ಕೊಟ್ಟರೆ ಕೀಲಿಯ ಜೊತೆಗೆ ಅದರ ರೋಗಗಳನ್ನೂ ಹೇಳಿ ಕೊಡಬೇಕು. ಬಾಗಿಲು ಎತ್ತಿ ಹಾಕು, ಎರಡನೇ ಗೇರು ಹಟಮಾರಿ, ದೀಪಕ್ಕೆ ಇನ್ನೊಂದು ಸ್ವಿಚ್ಚಿದೆ. ಹೇಳದೆ ಕೊಡುವುದು ಕಚ್ಚುವ ನಾಯಿಯನ್ನು ಹೇಳದೆ ಮಾರಿದಂತೆ.

ಈಗ ಒಂದೊಂದೇ ತಾಳೆಯಾಗತೊಡಗಿತು. ಮುಚ್ಚಳದ ನಕ್ಷೆ ತೋರಿಸುವ ಆ ಫ್ಯೂಸಿಗೂ ದೀಪಕ್ಕೂ ಈ ಗಾಡಿಯಲ್ಲಿ ಸಂಬಂಧವೇ ಇಲ್ಲ. ಅದು ಅಲ್ಲಿ ಸುಟ್ಟಿಲ್ಲ. ಬೇರೆಲ್ಲೋ ಸುಟ್ಟದ್ದನ್ನು ತಂದು ಯಾರೋ ಅಲ್ಲಿ ಇಟ್ಟಿದ್ದಾರೆ, ನಮ್ಮ ಕಣ್ಣಿಗೆ ಮಣ್ಣೆರಚಲು. ಸುಟ್ಟ ಫ್ಯೂಸಿಗೇನು ಬರ? ಹೊಸದು ಕೊಳ್ಳುವಾಗ ಅಂಗಡಿಯಲ್ಲಿ ತೋರಿಸಲು ಬೇಕೆಂದು ಎಲ್ಲರೂ ಹಳೆಯದನ್ನು ಸಿಗರೇಟಿನ ಬೂದಿಯ ತಟ್ಟೆಯಲ್ಲಿ ಕೂಡಿಹಾಕಿರುತ್ತಾರೆ. ಎಳೆದು ನೋಡಿದೆ. ಇದರಲ್ಲೂ ಒಂದು ಹಿಡಿ ಇದ್ದವು.

ಅಂದರೆ ಫ್ಯೂಸು ಇಟ್ಟವರು ನಕ್ಷೆಯನ್ನು ನಂಬಿದವರು. ಈ ಗಾಡಿಯನ್ನು ತಿಳಿಯದವರು.

ಲವಾನ್ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತನ್ನ ಕೈ ಮಾಡಿದ ಎಡವಟ್ಟು ಅವಳಿಗೆ ಗೊತ್ತಾಗಿತ್ತು.

"ಅವತ್ತು ಆ ಸ್ವಿಚ್ಚು ಹಾಕೋಕೆ ಮರೆತೆ," ಎಂದಳು ನನ್ನ ಮುಖ ನೋಡದೆ. "ಬರ್ಕೋ ಹಾಗಂತ."

"ನೀನು ಮರೀಬಹುದು. ನಿನ್ನ ಕೈ ಮರೆಯಲ್ಲ. ಕೀಲಿಗಿಂತ ಮುಂಚೆ ಅಲ್ಲಿಗೆ ಹೋಯ್ತು, ನಾನು ನೋಡ್ದೆ."

"ಮರೆತೆ ಅಂದ್ನಲ್ಲ."

"ಗಾಡಿ ಓಡಿಸಿದ್ದು ನೀನಲ್ಲ ಲವಾನ್. ಯಾರು?"

ಅವಳು ತುಟಿ ಬಿಗಿದುಕೊಂಡಳು. ಎಳವೆಯಿಂದಲೂ ಹಾಗೆಯೇ, ಹಟ ಹಿಡಿದರೆ ಕಂಬ. ಜೇಬಿನಿಂದ ಬಟ್ಟೆಯ ಕಂತೆ ತೆಗೆದು ಅವಳ ಮಡಿಲಲ್ಲಿ ಹಾಕಿದೆ. ಎಲ್ಲಿ ಸಿಕ್ಕಿತೆಂದು ಹೇಳಿದೆ.

ಅವಳು ಆ ಮೂರು ಮೂಲೆಯ ಚೂರುಗಳನ್ನು ಬೆರಳಿನಿಂದ ಒಮ್ಮೆ ಸವರಿದಳು, ಅಷ್ಟೇ. ನಾನು ಅವಳ ಕಣ್ಣು ನೋಡಿದೆ, ಚೂರು ನೋಡಿದೆ, ಮತ್ತೆ ಕಣ್ಣು ನೋಡಿದೆ. ನೀಲಿ ಹೂವು, ಹಳದಿ. ಕೌಂಟಿಯ ಜಾತ್ರೆಯಲ್ಲಿ ಪ್ರತಿ ವರ್ಷ ಮೊದಲ ಬಹುಮಾನದ ರಿಬ್ಬನ್ನು ಯಾರ ಕೌದಿಗೆ ಸಿಗುತ್ತದೆಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಆರ್ಡಿಸ್ ಥೀಸನ್. ಸತ್ತ ರೂಬೆನ್ನನ ಹೆಂಡತಿ.

ಮೊನ್ನೆಯಷ್ಟೇ ನಮ್ಮ ಕಚೇರಿಯಲ್ಲಿ ಕರಿ ಬಟ್ಟೆ ಉಟ್ಟು ಕೂತು, ನನ್ನ ಗಂಡನನ್ನು ಕೊಂದವಳಿಗೆ ಶಿಕ್ಷೆಯಾಗಲೇಬೇಕು ಎಂದು ಶೆರಿಫ್ ಮುಂದೆ ಅತ್ತಿದ್ದು ಇದೇ ಆರ್ಡಿಸ್. ಲವಾನ್ ಪಕ್ಕದ ಬೆಂಚಿನಲ್ಲೇ ತಲೆ ತಗ್ಗಿಸಿ ಕೂತಿದ್ದಳು.

"ಅವಳಿಗೆ ಯಾಕೆ ಗಾಡಿ ಕೊಟ್ಟೆ?" ಎಂದೆ.

ಲವಾನ್ ಮೆಲ್ಲಗೆ ಹೇಳತೊಡಗಿದಳು. ರೂಬೆನ್ ಊರಿನ ಕರುಗಳಿಗೆಲ್ಲ ದೇವರಂಥ ಮನುಷ್ಯ, ಮನೆಯಲ್ಲಿ ಬೇರೆಯೇ. ಅವತ್ತು ಆರ್ಡಿಸ್ ಬಂದಾಗ ಅವನ ಏಟಿಗೆ ಅವಳ ಒಂದು ಕಿವಿ ಕೇಳುತ್ತಿರಲಿಲ್ಲ. ತಂಗಿಯ ಮನೆಗೆ ಹೋಗಿಬಿಡುತ್ತೇನೆ, ಹೊಲಿಗೆಯ ಮೆಷಿನ್ನು, ಬಟ್ಟೆ, ಕೌದಿ ಎಲ್ಲ ಒಯ್ಯಬೇಕು ಎಂದಳಂತೆ. ಲವಾನ್ ಕೀಲಿ ಕೊಟ್ಟಳು. ಗುದ್ದಿದ ಮೇಲೆ ಅದೇ ಆರ್ಡಿಸ್ ಫೋನು ಮಾಡಿದಳು. ಇವಳು ತನ್ನ ಕಾರಿನಲ್ಲಿ ಓಡಿಹೋಗಿ, ಸಾಮಾನನ್ನೆಲ್ಲ ಕಾರಿಗೆ ತುಂಬಿಸಿ, ಆರ್ಡಿಸಳನ್ನು ಅದೇ ಕಾರಿನಲ್ಲಿ ಮನೆಗೆ ಕಳಿಸಿ, ತಾನು ಪಿಕಪ್ಪಿನ ಪಕ್ಕ ನಿಂತಳು. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಮ್ಮ ಕೌಂಟಿಯಲ್ಲಿ ಪೊಲೀಸರು ಬರುವುದು ಮದುವೆ ಮುಗಿದ ಮೇಲೆ ವಾಲಗದವರು ಬಂದಂತೆ.

"ಅವಳು ನಿನ್ನನ್ನ ಕೊಲೆಗಾತಿ ಅಂದ್ಲು. ನೀನು ಕೇಳ್ಕೊಂಡು ಸುಮ್ನೆ ಕೂತಿದ್ದೆ."

"ಹಾಗೆ ಅನ್ನು ಅಂತ ನಾನೇ ಹೇಳಿದ್ದೆ. ಅನ್ನದೆ ಇದ್ರೆ ಜನ ಅವಳ ಕಡೆ ನೋಡೋರು."

ನನಗೆ ರೇಗಿಹೋಯಿತು. ಯಾರದೋ ಪಾಪವನ್ನು ಸೆರಗಿಗೆ ಕಟ್ಟಿಕೊಂಡು ಜೈಲಿಗೆ ಹೊರಟಿದ್ದಾಳಲ್ಲ ಈ ಹುಚ್ಚಿ. ಇಷ್ಟೆಲ್ಲ ಯಾಕೆ ಮಾಡಿದೆ, ಅವಳೇನು ನಿನ್ನ ಒಡಹುಟ್ಟೇ ಎಂದು ಗದರಿದೆ. ಲವಾನ್ ಆ ಎರಡನೇ ಸ್ವಿಚ್ಚಿನ ಕಡೆ ನೋಡಿದಳು.

"ಕೀಲಿ ಕೊಡುವಾಗ ಇದರ ವಿಷಯ ಹೇಳೋಕೆ ಮರೆತೆ," ಎಂದಳು. "ಹೇಳಬೇಕಾದವಳು ನಾನು. ಹೇಳಲಿಲ್ಲ. ಅವಳಿಗೆ ಹೇಗೆ ಗೊತ್ತಾಗಬೇಕು, ಗುಂಡಿ ಎಳೆದ್ಲು, ಮುಂದೆ ಬೆಳಕು ಬಂತು, ಹಿಂದೆಯೂ ಬಂದಿದೆ ಅಂದ್ಕೊಂಡ್ಲು. ರೂಬೆನ್ ಸತ್ತಿದ್ದು ನನ್ನಿಂದಲೇ ಅಲ್ವಾ?"

ಇಡೀ ದಿನದಲ್ಲಿ ಮೊದಲ ಬಾರಿಗೆ ನನಗೆ ಎಲ್ಲ ತಿಳಿಯಾಯಿತು. ಲಾರಿಯವನು ನೋಡಿದ ಹೆಡ್‌ಲೈಟು, ಹಿಂದಿನ ಕತ್ತಲು, ಹೆದರಿದ ಹೆಂಗಸು ನಕ್ಷೆ ನೋಡಿ ತುರುಕಿದ ಫ್ಯೂಸು. ಎಲ್ಲವೂ ಒಂದಕ್ಕೊಂದು ಕೂತವು. ಬಾಗಿಲಿಗೆ ಒರಗಿ ಉಸಿರು ಬಿಟ್ಟೆ. ಅವಳ ಭುಜ ಹಿಡಿದು ಹೇಳಿದೆ, ಮರೆವು ಕೊಲೆಯಲ್ಲ. ಗಾಡಿಯನ್ನು ತಿಳಿಯದವಳು ದೀಪ ಹಾಕದೆ ಹೋದದ್ದೂ ಕೊಲೆಯಲ್ಲ. ನೀನು ಹೇಳಿದ ಸುಳ್ಳಿಗೆ ಶೆರಿಫ್ ಕೂಗಾಡುತ್ತಾರೆ, ಕೂಗಾಡಲಿ, ಅದು ನನ್ನ ತಲೆಗಿರಲಿ. ಈಗಲೇ ಅವರಲ್ಲಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆರ್ಡಿಸಳನ್ನೂ ಕರೆಸುತ್ತೇನೆ. ಯಾರೂ ಜೈಲಿಗೆ ಹೋಗುವುದಿಲ್ಲ.

ಟೋಪಿ ಎತ್ತಿಕೊಂಡು ಹೊರಟೂಬಿಟ್ಟೆ. ಬಾಗಿಲಿನ ಹತ್ತಿರ ಹೋಗಿ ತಿರುಗಿದೆ. ಬಿಡುಗಡೆಯಾದವರ ಮುಖ ಹಾಗಿರುವುದಿಲ್ಲ. ಲವಾನ್ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಏನು ಎಂದೆ.

"ಇಂಜಿನ್ ಯಾವತ್ತೂ ಕೆಮ್ಮಿಲ್ಲ ಯೂನಿಸ್," ಎಂದಳು. "ಏರಿನ ಆ ಕಡೆ ಯಾಕೆ ನಿಲ್ಲಿಸಿದ್ದೆ ಅಂತ ನಾನು ಕೇಳಿದಾಗ ಆರ್ಡಿಸ್ ಹೇಳಿದ ಮಾತು ಅದು. ನಾನು ನಂಬಿದ್ದೆ. ಇವತ್ತು ನೀನು ಫೋನಲ್ಲಿ ಫ್ಯೂಸು ಅಂದೆಯಲ್ಲ, ಆಗ ಎದೆ ಧಸಕ್ಕಂತು. ಹೆದರಿದವಳು ಅಳ್ತಾಳೆ. ನಕ್ಷೆ ಓದಿ ಫ್ಯೂಸು ಬದಲಾಯಿಸ್ತಾಳಾ?"

ನಾನು ನಿಂತಲ್ಲೇ ನಿಂತೆ. ಗಾಳಿಗೆ ಶೆಡ್ಡಿನ ತಗಡು ಬಡಿದುಕೊಳ್ಳುತ್ತಿತ್ತು. ರೂಬೆನ್ ಸಂಜೆ ಯಾವ ದಾರಿಯಲ್ಲಿ ಎಷ್ಟು ಜೋರಾಗಿ ಮನೆಗೆ ಬರುತ್ತಾನೆಂದು ಅವನ ಹೆಂಡತಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೂ ಅವಳಿಗೆ ಸ್ವಿಚ್ಚು ಗೊತ್ತಿರಲಿಲ್ಲವಲ್ಲ, ನೀನು ಹೇಳಲು ಮರೆತೆಯಲ್ಲ, ಎಂದೆ. ಹಾಗೆ ಅನ್ನುವಾಗಲೇ ನನ್ನ ಮಾತು ನನಗೆ ಬೇಡಿಕೊಂಡಂತೆ ಕೇಳಿಸಿತು.

ಲವಾನ್ ತಲೆ ಅಲ್ಲಾಡಿಸಿದಳು.

"ಮರೆತಿರಲಿಲ್ಲ. ಅವಳ ಕೈ ಹಿಡಿದು ಆ ಸ್ವಿಚ್ಚಿನ ಮೇಲಿಟ್ಟು ತೋರಿಸಿದ್ದೆ. ನಮ್ಮ ಅಂಗಳ ದಾಟುವಾಗ ಎರಡು ದೀಪಾನೂ ಉರೀತಿದ್ವು. ತಿರುವಿನ ತನಕ ನಾನೇ ನಿಂತು ನೋಡಿದ್ದೀನಿ."